ನುಡಿಯದ ಮಗುವಿಗೆ ನುಡಿಯ ಸಾಧನ



ಗೃಹಸ್ಥರೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು. ಅವರ ಮಗನಿಗೆ ಐದು ವರುಷ ತುಂಬಿದೆ. ಮಗುವಿಗೆ ಆಟಿಸಂ ಎಂಬ ಸ್ಥಿತಿಯುಂಟೆಂದು ವೈದ್ಯರು ನಿರ್ಣಯಿಸಿರುವರು. ಇದುವರೆಗೆ ಅವನ ಬಾಯಿಂದ ಒಂದು ಮಾತೂ ಹೊರಟಿಲ್ಲ. ಚಿತ್ರವನ್ನು ಮುಟ್ಟಿದರೆ ಮಾತನಾಡುವ ಯಂತ್ರಗಳುಂಟೆಂದು ಕೇಳಿ, ಸಾಲ ಮಾಡಿಯಾದರೂ ಅವುಗಳಲ್ಲಿ ಉತ್ತಮವಾದುದನ್ನು ಕೊಳ್ಳಬೇಕೆಂದು ತಂದೆಯ ಸಂಕಲ್ಪ. "ಯಂತ್ರವೇ ಮಾತನಾಡಿಬಿಟ್ಟರೆ ಮಗು ಬಾಯಿ ಬಿಡುವುದೇ ಇಲ್ಲ" ಎಂದು ಅಜ್ಜಿಯ ತಡೆ. ಕೊಳ್ಳಬಹುದೇ, ಕೂಡದೇ, ಕೊಳ್ಳುವುದಾದರೆ ಯಾವುದನ್ನು ಎಂಬುದು ಪ್ರಶ್ನೆ. ಇಂಥ ಮನೆಗಳು ನಮ್ಮಲ್ಲಿ ಅನೇಕವಿರುವುದರಿಂದ ಉತ್ತರವನ್ನು ಎಲ್ಲರ ಉಪಯೋಗಕ್ಕಾಗಿ ಇಲ್ಲಿಯೇ ಬರೆಯುತ್ತೇನೆ.

ಸಂಕ್ಷೇಪವಾಗಿ ಹೇಳುವುದಾದರೆ, ಸಾಧನವನ್ನು ಅವಶ್ಯವಾಗಿ ಒದಗಿಸಬೇಕು, ತಡಮಾಡಲೂ ಕೂಡದು. ಆದರೆ ಅಂಗಡಿಯಲ್ಲಿ ಉತ್ತಮವೆನಿಸಿದ್ದು ಮಗುವಿಗೆ ಉತ್ತಮವಾಗಬೇಕೆಂಬ ನಿಯಮವಿಲ್ಲ. ಮೊದಲು ಮಗುವನ್ನು ಅರಿತು, ಅನಂತರ ಸಾಧನವನ್ನು ಆರಿಸಬೇಕು. ಆರಿಸಿದ ಮೇಲೆ ಅದನ್ನು ಆಟಿಕೆಯೆಂದಾಗಲಿ ಪಾಠದ ಸಾಮಗ್ರಿಯೆಂದಾಗಲಿ ಎಣಿಸದೆ, ಆ ಮಗುವಿನ ನಾಲಿಗೆಯೆಂದೇ ಭಾವಿಸಿ ನಡೆಯಬೇಕು. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಕಠಿಣವಾದುದು; ಯಂತ್ರಗಳು ಬಹುಪಾಲು ಮೂಲೆಗೆ ಬೀಳುವುದು ಇದರ ಲೋಪದಿಂದಲೇ.

ಆಟಿಸಂ ಎಂಬುದು ಅಂಟುವ ರೋಗವಲ್ಲ; ತಾಯಿತಂದೆಗಳ ಸಾಕಣೆಯ ದೋಷವೂ ಅಲ್ಲ. ಮಿದುಳಿನ ಬೆಳೆವಣಿಗೆಯು ಆದಿಯಿಂದಲೇ ಬೇರೊಂದು ಕ್ರಮವನ್ನು ಹಿಡಿದಿರುವ ಸ್ಥಿತಿ ಅದು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯರಾದ ಲಿಯೋ ಕ್ಯಾನರ್ ಎಂಬವರು ಇಂಥ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 8 ಮಕ್ಕಳು ಮಾತು ಕಲಿತಿದ್ದರು. 3 ಮಕ್ಕಳಿಗೆ ಮಾತು ಬಂದಿರಲಿಲ್ಲ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದು ಕರೆಯುವುದುಂಟು. ತನ್ನಲ್ಲಿಯೇ ಲೀನವಾಗಿರುವುದು ಎಂದು ಅದರ ಅರ್ಥ. ಪದವೇನೋ ಅಂದವಾಗಿದೆ, ಆದರೆ ಅದನ್ನು ಕೇಳಿದವರು, ಈ ಮಗುವಿಗೆ ಪರರೊಡನೆ ಹೇಳಿಕೊಳ್ಳುವ ಅಪೇಕ್ಷೆಯೇ ಇಲ್ಲವೆಂದು ತಿಳಿಯುವ ಅಪಾಯವುಂಟು. ನಿಮ್ಮ ಕೈಯನ್ನು ಹಿಡಿದು ನೀರಿನ ಹೂಜಿಯ ಬಳಿಗೆ ಎಳೆದೊಯ್ಯುವ ಮಗುವು, ಬೇಡವಾದ ತಟ್ಟೆಯನ್ನು ದೂರ ತಳ್ಳುವ ಮಗುವು, ಹೇಳಬೇಕಾದುದನ್ನು ಹೇಳುತ್ತಲೇ ಇದೆ. ಅದಕ್ಕಿರುವ ಸಾಧನ ಸಾಲದು, ಅಷ್ಟೇ.

ಭರ್ತೃಹರಿಯು ತನ್ನ ವಾಕ್ಯಪದೀಯದಲ್ಲಿ ವಾಕ್ಕಿಗೆ ವೈಖರೀ, ಮಧ್ಯಮಾ, ಪಶ್ಯಂತೀ ಎಂದು ಮೂರು ನೆಲೆಗಳನ್ನು ಹೇಳಿರುವನು. ಬಾಯಿಂದ ಹೊರಟು ಪರರ ಕಿವಿಗೆ ಬೀಳುವುದು ವೈಖರಿ. ಮನಸ್ಸಿನೊಳಗೆ ಕ್ರಮಗೊಂಡು ನಿಂತಿರುವುದು ಮಧ್ಯಮೆ. ವೈಖರಿ ಕಾಣಲಿಲ್ಲವೆಂದ ಮಾತ್ರಕ್ಕೆ ಒಳಗಿನದೂ ಇಲ್ಲವೆಂದು ತೀರ್ಮಾನಿಸುವುದು ಯುಕ್ತವಲ್ಲ. ಒಳಗೆ ಎಷ್ಟಿದೆಯೆಂಬುದು ಮಗುವಿನಿಂದ ಮಗುವಿಗೆ ಬೇರೆಯಾಗಿರುವುದು ನಿಜ. ಆದರೆ ಅದನ್ನು ತಿಳಿಯುವುದಕ್ಕಾದರೂ ಹೊರಗೆ ಬರಲು ಒಂದು ದಾರಿಯನ್ನು ಕೊಟ್ಟು ನೋಡಬೇಕಲ್ಲವೆ?

ಇನ್ನು ಅಜ್ಜಿಯವರ ಆಕ್ಷೇಪವನ್ನು ವಿಚಾರಿಸೋಣ. ಅದು ಪ್ರೀತಿಯಿಂದ ಹುಟ್ಟಿದ ಶಂಕೆ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಪರೀಕ್ಷಿಸಿ ನೋಡಿದವರ ಪ್ರಮಾಣವು ಅದಕ್ಕೆ ವಿರುದ್ಧವಾಗಿದೆ. 2006ರಲ್ಲಿ ಮಿಲ್ಲರ್, ಲೈಟ್, ಶ್ಲೋಸರ್ ಎಂಬ ಮೂವರು ವಿದ್ವಾಂಸರು, ಮಾತಿನ ತೊಡಕುಳ್ಳವರಿಗೆ ಸಂಜ್ಞೆ, ಚಿತ್ರ, ಯಂತ್ರ ಮುಂತಾದವನ್ನು ಕೊಟ್ಟ ಪ್ರಯೋಗಗಳನ್ನೆಲ್ಲ ಶೋಧಿಸಿದರು. ದೃಢವಾದ ಪ್ರಮಾಣವಿದ್ದ 27 ಮಂದಿಯ ಪೈಕಿ ಒಬ್ಬರಲ್ಲಿಯೂ ಇದ್ದ ಮಾತು ಕುಂದಿರಲಿಲ್ಲ. ನೂರಕ್ಕೆ 89ರಷ್ಟು ಜನರಲ್ಲಿ ಬಾಯಿಮಾತು ಸ್ವಲ್ಪವಾದರೂ ಹೆಚ್ಚಿತ್ತು. ಉಳಿದವರಲ್ಲಿ ಇದ್ದಂತೆಯೇ ಇತ್ತು. 2014ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಕೋನಿ ಕಸಾರಿ ಎಂಬವರೂ ಅವರ ಸಂಗಡಿಗರೂ, ಐದರಿಂದ ಎಂಟು ವರುಷದ, ಮಾತು ಅತ್ಯಲ್ಪವಾಗಿದ್ದ 61 ಆಟಿಸಂ ಮಕ್ಕಳನ್ನು ತೆಗೆದುಕೊಂಡರು. ಎಲ್ಲರಿಗೂ ಆಟಪಾಠಗಳ ಶಿಕ್ಷಣವಿತ್ತು. ಕೆಲವರಿಗೆ ಮಾತ್ರ ಮೊದಲಿನಿಂದಲೇ ಮಾತನಾಡುವ ಯಂತ್ರವೂ ಇತ್ತು. ತಾವಾಗಿಯೇ ಮುಂದೆ ಬಂದು ಹೇಳಿಕೊಳ್ಳುವುದರಲ್ಲಿ ಯಂತ್ರವಿದ್ದ ಮಕ್ಕಳೇ ಮುಂದಾದರು. ಆದಕಾರಣ "ಮಾತು ಬಂದೀತು, ಇನ್ನೂ ಎರಡು ವರುಷ ಕಾಯೋಣ" ಎಂಬ ವಾದಕ್ಕೆ ಆಧಾರವಿಲ್ಲ. ಕಾಯುವ ಎರಡು ವರುಷವೂ ಮಗುವು ಮೂಕವಾಗಿಯೇ ಕಳೆಯಬೇಕಾಗುವುದು. ಯಂತ್ರದಿಂದ ಬಾಯಿಮಾತು ಬಂದೇ ತೀರುವುದೆಂದು ನಾನು ಹೇಳಲಾರೆ. ಬರುವ ಮಾತಿಗೆ ಅದು ಅಡ್ಡಿಯಾಗದೆಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಈಗ ಆರಿಸುವ ವಿಷಯ. ಮೊದಲು ಕಿವಿಯ ಪರೀಕ್ಷೆಯಾಗಬೇಕು; ಕಣ್ಣಿನ ಪರೀಕ್ಷೆಯಾಗಬೇಕು. ಕೇಳಿಸದ ಮಗುವಿಗೆ ಬೇಕಾಗುವ ಉಪಾಯವೇ ಬೇರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಪರೀಕ್ಷೆಗೂ ಸಲಹೆಗೂ ಹೆಸರಾದ ಸ್ಥಳ. ದೂರದವರು ತಮ್ಮ ಜಿಲ್ಲೆಯ ಆಸ್ಪತ್ರೆಯಲ್ಲಿ ವಿಚಾರಿಸಿ, ವಾಕ್ ಚಿಕಿತ್ಸಕರಿದ್ದಲ್ಲಿಗೆ ಮಗುವನ್ನು ಕರೆದೊಯ್ಯಬಹುದು. ಅಲ್ಲಿಗೆ ಹೋಗುವ ಮುನ್ನ ಒಂದು ವಾರ ಮನೆಯಲ್ಲಿಯೇ ಮಗುವನ್ನು ಗಮನಿಸಿ ಬರೆದಿಟ್ಟುಕೊಳ್ಳಿರಿ. ಬೇಕಾದುದನ್ನು ಅದು ಹೇಗೆ ತಿಳಿಸುತ್ತದೆ? ಬೆರಳಿನಿಂದ ತೋರಿಸುವುದೋ, ಕೈಹಿಡಿದು ಎಳೆಯುವುದೋ? ಚಿತ್ರವನ್ನು ಕಂಡರೆ ವಸ್ತುವನ್ನು ನೆನೆಯುವುದೋ, ಇಲ್ಲವೆ ವಸ್ತುವನ್ನೇ ಕಾಣಬೇಕೋ? ಒಂದೇ ಬೆರಳಿನಿಂದ ಚಿಕ್ಕ ಗುರುತನ್ನು ಒತ್ತಬಲ್ಲುದೋ, ಇಡೀ ಅಂಗೈಯನ್ನು ಊರುವುದೋ? ಅಕ್ಷರಗಳಲ್ಲಿ ಆಸಕ್ತಿಯುಂಟೋ? ಈ ಒಂದು ಹಾಳೆ ಕಾಗದವು ಅಂಗಡಿಯವನ ನೂರು ಮಾತಿಗಿಂತ ಬೆಲೆಯುಳ್ಳದ್ದು.

ಸಾಧನಗಳಲ್ಲಿ ಸ್ಥೂಲವಾಗಿ ಮೂರು ತರಗತಿಗಳುಂಟು. ಮೊದಲನೆಯದು ಕಾಗದದ ಸಾಧನ. ರಟ್ಟಿನ ಮೇಲೆ ಚಿತ್ರಗಳನ್ನು ಅಂಟಿಸಿದ ಹಲಗೆ, ಪುಟಪುಟವಾಗಿ ಚಿತ್ರಗಳಿರುವ ಪುಸ್ತಕ ಇತ್ಯಾದಿ. 1985ರಲ್ಲಿ ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಎಂಬಿಬ್ಬರು ರೂಪಿಸಿದ ಚಿತ್ರವಿನಿಮಯ ಪದ್ಧತಿಯೂ ಈ ವರ್ಗಕ್ಕೇ ಸೇರಿದ್ದು. ಅಲ್ಲಿ ಮಗುವು ಬಾಳೆಯ ಹಣ್ಣಿನ ಚಿತ್ರವನ್ನು ಎತ್ತಿ ತಾಯಿಯ ಕೈಗೆ ಕೊಟ್ಟರೆ ಹಣ್ಣು ದೊರೆಯುವುದು. ಹೇಳುವುದೆಂದರೆ ಮತ್ತೊಬ್ಬರಿಗೆ ಹೇಳುವುದು ಎಂಬ ತತ್ತ್ವವು ಇದರಿಂದ ಕೈಗೆ ಹತ್ತುವುದು. ಕಾಗದಕ್ಕೆ ವಿದ್ಯುತ್ತು ಬೇಡ, ವೆಚ್ಚವಿಲ್ಲ, ಹರಿದರೆ ಮತ್ತೊಂದನ್ನು ಮಾಡಬಹುದು. ಆದರೆ ಅದಕ್ಕೆ ಧ್ವನಿಯಿಲ್ಲ. ಅಡುಗೆಮನೆಯಲ್ಲಿರುವ ತಾಯಿಯನ್ನು ನಡುಮನೆಯಿಂದ ಕರೆಯಲಾಗದು.

ಎರಡನೆಯದು ಗುಂಡಿಯ ಯಂತ್ರ. ಮನೆಯವರ ಧ್ವನಿಯಲ್ಲಿ ಒಂದೋ ಕೆಲವೋ ಮಾತುಗಳನ್ನು ತುಂಬಿಟ್ಟರೆ, ಒತ್ತಿದಾಗ ಅದೇ ಮಾತು ಹೊರಡುವುದು. ಒತ್ತಿದರೆ ಜನ ಬರುವರು ಎಂಬುದನ್ನು ಕಲಿಸಲು ಇದು ಒಳ್ಳೆಯದು. ಆದರೆ ಜೀವಮಾನವೆಲ್ಲ ನಾಲ್ಕೇ ಮಾತುಗಳಲ್ಲಿ ಬಾಳೆಂದು ಮಗುವಿಗೆ ಹೇಳಲಾದೀತೆ? ಇದು ಮೆಟ್ಟಿಲೇ ಹೊರತು ಮನೆಯಲ್ಲ.

ಮೂರನೆಯದು ಟ್ಯಾಬ್ಲೆಟ್ ಎಂಬ ಹಲಗೆಯಂಥ ಗಣಕಯಂತ್ರದಲ್ಲಿ ಹಾಕಿಕೊಳ್ಳುವ ಆ್ಯಪ್. ಚಿತ್ರಗಳನ್ನು ಕ್ರಮವಾಗಿ ಮುಟ್ಟಿದರೆ ಅದು ವಾಕ್ಯವನ್ನು ಗಟ್ಟಿಯಾಗಿ ನುಡಿಯುವುದು. ಅಕ್ಷರ ಬಲ್ಲ ಮಗುವಿಗೆ ಅಕ್ಷರದ ಮಣೆಯೂ ಉಂಟು. ನಮ್ಮ ದೇಶದಲ್ಲಿಯೇ ಚೆನ್ನೈಯ ಅಜಿತ್ ನಾರಾಯಣನ್ ಎಂಬವರು ಮಾಡಿದ ಆವಾಜ್ ಮೊದಲು ಪ್ರತ್ಯೇಕ ಯಂತ್ರವಾಗಿ ಬಂದು, ಆಮೇಲೆ ಆ್ಯಪ್ ಆಯಿತು. ಮುಂಬಯಿಯ ಐ.ಐ.ಟಿ.ಯಲ್ಲಿ ರೂಪಗೊಂಡ ಜೆಲ್ಲೋ ಎಂಬುದು ಉಚಿತವಾಗಿ ದೊರೆಯುತ್ತದೆ. ಆದಕಾರಣ ಸಾಲ ಮಾಡಿ ಅತ್ಯಧಿಕ ಬೆಲೆಯದನ್ನೇ ತರಬೇಕಾದ ಅಗತ್ಯವಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಇಲ್ಲಿ ನೆನೆಯತಕ್ಕದ್ದು. ಮನೆಯಲ್ಲಿ ಇರುವ ಟ್ಯಾಬ್ಲೆಟ್ಟಿನಲ್ಲಿಯೇ ಉಚಿತವಾದುದನ್ನೋ, ಕೆಲವು ದಿನ ಪರೀಕ್ಷೆಗೆ ಕೊಡುವುದನ್ನೋ ಹಾಕಿ, ಕೆಲವು ವಾರ ನೋಡಿ, ಆಮೇಲೆ ನಿರ್ಧರಿಸಿರಿ.

ಪರೀಕ್ಷಿಸುವಾಗ ಮುಖ್ಯವಾಗಿ ನೋಡತಕ್ಕದ್ದು ಭಾಷೆಯನ್ನು. ಈ ಬಗೆಯ ಆ್ಯಪ್‌ಗಳಲ್ಲಿ ಅನೇಕವು ಇಂಗ್ಲಿಷಿನ ಅಚ್ಚಿನಲ್ಲಿ ಎರಕವಾದುವು. ಆ ಭಾಷೆಯಲ್ಲಿ ನಾನು, ಬೇಕು, ನೀರು ಎಂಬರ್ಥದ ಮೂರು ಪದಗಳನ್ನು ಸಾಲಾಗಿ ಮುಟ್ಟಿದರೆ ವಾಕ್ಯವಾಗುವುದು. ಅದನ್ನೇ ಪದಕ್ಕೆ ಪದ ಕನ್ನಡಿಸಿದರೆ "ನಾನು ಬೇಕು ನೀರು" ಎಂಬ ವಿಚಿತ್ರ ನುಡಿ ಹೊರಡುವುದು. ನಮ್ಮಲ್ಲಿ "ನನಗೆ ನೀರು ಬೇಕು" ಎಂದು ಚತುರ್ಥೀ ವಿಭಕ್ತಿ ಬರಬೇಕು, ಕ್ರಿಯೆಯು ಕೊನೆಯಲ್ಲಿ ನಿಲ್ಲಬೇಕು. ಆದಕಾರಣ ಹಲಗೆಯಲ್ಲಿ "ನಾನು" ಎಂಬುದರ ಪಕ್ಕದಲ್ಲಿ "ನನಗೆ", "ನನ್ನ" ಎಂಬುವೂ ಇರಬೇಕು. "ಹೋಗು" ಎಂಬುದರೊಡನೆ "ಹೋಗೋಣ", "ಹೋಗಲ್ಲ" ಎಂಬುವೂ ಇರಬೇಕು. ಕನ್ನಡದ ಧ್ವನಿಯು ಸ್ಪಷ್ಟವಾಗಿದೆಯೋ, ಅಂತರ್ಜಾಲವಿಲ್ಲದೆಯೂ ನುಡಿಯುವುದೋ ಎಂಬುದನ್ನು ಕಿವಿಯಾರೆ ಕೇಳಿ ತಿಳಿಯಿರಿ. ತಾಯಿಯನ್ನು ಮನೆಯಲ್ಲಿ ಅಮ್ಮ ಎನ್ನುವರೋ, ಅವ್ವ ಎನ್ನುವರೋ, ಆಯಿ ಎನ್ನುವರೋ, ಹಲಗೆಯಲ್ಲಿಯೂ ಅದೇ ಇರಲಿ. ತುಳು, ಕೊಡವ, ಕೊಂಕಣಿ ಮನೆಮಾತಿನವರು ಯಂತ್ರದ ಧ್ವನಿ ದೊರೆಯದಿದ್ದರೆ ತಮ್ಮ ಧ್ವನಿಯನ್ನೇ ತುಂಬಿಸಬಹುದಾದ ಆ್ಯಪನ್ನು ಆರಿಸಲಿ. ಮಗುವಿಗೆ ಸುಲಭವಾಗಲೆಂದು ಮನೆಮಾತನ್ನು ಬಿಟ್ಟು ಇಂಗ್ಲಿಷನ್ನು ಹಿಡಿಯುವುದು ಸರ್ವಥಾ ಯುಕ್ತವಲ್ಲ. ಅಜ್ಜಿಗೆ ತಿಳಿಯದ ಭಾಷೆಯಲ್ಲಿ ಮೊಮ್ಮಗನು ಮಾತು ಕಲಿತು ಫಲವೇನು?

ಎರಡನೆಯ ಪರೀಕ್ಷೆ ಸ್ಥಾನದ್ದು. ಒಂದು ಗುರುತು ಇಂದು ಇದ್ದ ಜಾಗದಲ್ಲಿಯೇ ನಾಳೆಯೂ, ವರುಷದ ಮೇಲೆಯೂ ಇರಬೇಕು. ಕತ್ತಲೆಯಲ್ಲಿಯೂ ನಮ್ಮ ಕೈ ದೀಪದ ಗುಂಡಿಯನ್ನು ಹುಡುಕದೆ ಮುಟ್ಟುವುದಷ್ಟೆ. ಹಾಗೆಯೇ ಮಗುವಿನ ಬೆರಳೂ ಸ್ಥಾನವನ್ನು ಕಲಿಯುವುದು. ಆದಕಾರಣ ಮೊದಲಿಗೆ ಕೆಲವೇ ಪದಗಳನ್ನು ತೋರಿಸಿ ಉಳಿದುವನ್ನು ಮರೆಮಾಡಿಟ್ಟು, ಮುಂದೆ ಅವನ್ನು ಅವುಗಳ ಜಾಗದಲ್ಲಿಯೇ ತೆರೆಯಲು ಬರುವಂಥದು ಒಳ್ಳೆಯದು. ಮೂರನೆಯದಾಗಿ, ಧ್ವನಿಯು ಸಂತೆಯಲ್ಲಿಯೂ ಕೇಳಿಸಬೇಕು, ಕವಚವು ಗಟ್ಟಿಯಾಗಿರಬೇಕು, ಹೆಗಲಿಗೆ ತೂಗುಹಾಕುವ ಪಟ್ಟಿಯಿರಬೇಕು, ತುಂಬಿಸಿದ ಪದಗಳ ಪ್ರತಿಯನ್ನು ಬೇರೆಡೆ ಕಾಪಾಡಿಡಲು ಬರಬೇಕು. ನಾಲ್ಕನೆಯದಾಗಿ, ಮಾತಿಗೆಂದು ಇಟ್ಟ ಟ್ಯಾಬ್ಲೆಟ್ಟಿನಲ್ಲಿ ಚಲಚ್ಚಿತ್ರ, ಆಟ ಮುಂತಾದವು ಇರಕೂಡದು. ಪರೀಕ್ಷೆ ಮುಗಿದು ಆ್ಯಪ್ ನಿರ್ಧಾರವಾದ ಮೇಲೆ ಮಗುವಿನ ಮಾತಿಗೆಂದೇ ಒಂದನ್ನು ಮೀಸಲಿಡಬೇಕು. ನಾಲಿಗೆಯನ್ನು ಇಬ್ಬರು ಹಂಚಿಕೊಳ್ಳಲಾದೀತೆ? ಯಂತ್ರವು ಯಾವುದೇ ಆಗಲಿ, ಅದೇ ಪದಗಳ ಕಾಗದದ ಹಲಗೆಯೊಂದನ್ನು ಜತೆಗೆ ಇಟ್ಟುಕೊಳ್ಳಿರಿ. ಬಚ್ಚಲಮನೆಯಲ್ಲಿಯೂ, ವಿದ್ಯುತ್ತು ಹೋದ ರಾತ್ರಿಯಲ್ಲಿಯೂ ಅದೇ ಗತಿ.

ಯಾವ ಪದಗಳನ್ನು ಇಡಬೇಕು? ಬಹಳ ಮನೆಗಳಲ್ಲಿ ಹಲಗೆಯು ತಿಂಡಿಯ ಪಟ್ಟಿಯಾಗಿರುವುದು: ಬಿಸ್ಕತ್ತು, ಬಾಳೆಯ ಹಣ್ಣು, ದೋಸೆ, ಹಾಲು. ತಿಂಡಿಯೂ ಇರಲಿ. ಆದರೆ ದಿನದ ಮಾತಿನಲ್ಲಿ ನಾವು ಹೆಚ್ಚಾಗಿ ಬಳಸುವುದು ಬೇಕು, ಬೇಡ, ಸಾಕು, ಇನ್ನೂ, ಬಾ, ಹೋಗು, ಕೊಡು, ನೋಡು, ಏನು, ಎಲ್ಲಿ, ಯಾರು ಎಂಬ ಚಿಕ್ಕ ಪದಗಳನ್ನೇ. ಎಲ್ಲಿಗಾದರೂ ಒಪ್ಪುವ ಈ ಪದಗಳಿಗೆ ಮೊದಲ ಪುಟದಲ್ಲಿ ಸ್ಥಾನವಿರಬೇಕು. ಅವುಗಳಲ್ಲಿಯೂ ಬೇಡ ಎಂಬುದು ರಾಜಪದ. ಬೇಡವೆಂದು ಹೇಳಲು ಬಾರದ ಮಗುವು ತಳ್ಳುವುದು, ಕಚ್ಚುವುದು, ನೆಲಕ್ಕೆ ತಲೆ ಚಚ್ಚಿಕೊಳ್ಳುವುದು. ನಾವು ಅದಕ್ಕೆ ಹಟವೆಂದು ಹೆಸರಿಡುತ್ತೇವೆ. ಬೇಡವೆಂದು ಒತ್ತಿದಾಗ ಸಾಧ್ಯವಾದ ಮಟ್ಟಿಗೆ ಅದನ್ನು ನಡೆಸಿಕೊಡಿರಿ. ಔಷಧಿಯಂತೆ ಬಿಡಲಾಗದುದಿದ್ದರೆ, "ಬೇಡವೆಂದೆ, ಕೇಳಿಸಿತು, ಆದರೆ ಇದನ್ನು ಕುಡಿಯಲೇಬೇಕು" ಎಂದು ಉತ್ತರವನ್ನಾದರೂ ಕೊಡಿರಿ. ಒತ್ತಿದರೂ ಯಾರೂ ಕೇಳದ ಗುಂಡಿಯನ್ನು ಮಗುವು ಮತ್ತೆ ಏಕೆ ಒತ್ತೀತು?

ಬೇಡ ಎಂಬುದರಷ್ಟೇ ಅಗತ್ಯವಾದದ್ದು ನೋವು ಎಂಬ ಪದ. ಹಲ್ಲುನೋವೋ ಕಿವಿನೋವೋ ಬಂದ ಮಗುವು ಹೇಳಲಾರದೆ ರಾತ್ರಿಯಿಡೀ ಕಿರಿಚಿದರೆ, ಅದನ್ನು ಆಟಿಸಂ ಲಕ್ಷಣವೆಂದೇ ಬಗೆದು ವೈದ್ಯರ ಬಳಿಗೆ ಒಯ್ಯದಿರುವ ಸಂಭವವುಂಟು. ಆದಕಾರಣ ಶರೀರದ ಎಲ್ಲ ಅವಯವಗಳ ಹೆಸರೂ, ಗುಹ್ಯಾಂಗಗಳ ಹೆಸರೂ ಹಲಗೆಯಲ್ಲಿರಬೇಕು. "ಹೊಡೆದರು", "ಮುಟ್ಟಿದರು", "ಭಯ", "ಯಾರು" ಎಂಬುವೂ ಇರಬೇಕು. ಇದನ್ನು ಬರೆಯಲು ಸಂಕೋಚವಾಗುವುದು. ಆದರೆ ಹೇಳಲಾರದ ಮಗುವಿಗೆ ಕೇಡು ಮಾಡುವವರು ಅದು ಹೇಳಲಾರದೆಂಬ ಧೈರ್ಯದಿಂದಲೇ ಮಾಡುವರು. ಸಂಕೋಚಕ್ಕಿಂತ ಮಗುವಿನ ರಕ್ಷೆ ದೊಡ್ಡದು. ಇವುಗಳೊಡನೆ ನಗುವ ಪದಗಳೂ ಇರಲಿ: ತಂಗಿಯನ್ನು ರೇಗಿಸುವ ಒಂದು ಮಾತು, ಅಪ್ಪನ ಮೇಲೆ ದೂರು ಹೇಳುವ ಒಂದು ಮಾತು. ಮಾತೆಂಬುದು ಬೇಡಿಕೆಯೊಂದೇ ಅಲ್ಲವಷ್ಟೆ.

ಸಾಧನವು ಮನೆಗೆ ಬಂದ ಮೇಲೆ ಹಿರಿಯರು ಮಾಡತಕ್ಕದ್ದು ಇದು: ಮೊದಲು ತಾವೇ ಅದರಲ್ಲಿ ಮಾತನಾಡಬೇಕು. ತೊಟ್ಟಿಲ ಕೂಸು ವರುಷದ ತನಕ ನಮ್ಮ ಮಾತನ್ನು ಕೇಳಿ, ಆಮೇಲೆ ಒಂದು ಮಾತನ್ನು ಆಡುವುದು. ಚಿತ್ರದಲ್ಲಿ ಮಾತನಾಡಬೇಕಾದ ಮಗುವು ಚಿತ್ರದಲ್ಲಿ ಮಾತನಾಡುವವರನ್ನು ಎಲ್ಲಿ ಕಂಡಿದೆ? ಊಟಕ್ಕೆ ಕರೆಯುವಾಗ "ಬಾ", "ಊಟ" ಎಂಬುವನ್ನು ಬಾಯಲ್ಲಿ ಹೇಳುತ್ತ ಬೆರಳಿನಿಂದಲೂ ಮುಟ್ಟಿರಿ. ದಿನಕ್ಕೆ ಹತ್ತಾರು ಬಾರಿ ಹೀಗೆ ಮಾಡಿರಿ, ಪ್ರತ್ಯುತ್ತರವನ್ನು ನಿರ್ಬಂಧಿಸಬೇಡಿರಿ. ಒಂದು ಮಾತಾದ ಮೇಲೆ ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸುತ್ತ ಕಾಯಿರಿ. ಪಾಠ ಹೇಳುವವರಿಗೊಂದು ಚಟವುಂಟು: ತಮಗೆ ತಿಳಿದಿರುವುದನ್ನೇ ಕೇಳುವುದು. "ಇದೇನು ಒತ್ತು, ಅದೇನು ಒತ್ತು" ಎಂದು ಹಗಲೆಲ್ಲ ಪರೀಕ್ಷೆ ನಡೆಸಿದರೆ ಮಾತನಾಡುವವರಿಗೂ ಬಾಯಿ ಕಟ್ಟುವುದು. ಮಗುವು ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಗದರಬೇಡಿರಿ. ಕೂಸಿನ ತೊದಲಿನಂತೆ ಇದೂ ಒಂದು ತೊದಲು. ಸಿಟ್ಟಿನಲ್ಲಿ ಸಾಧನವನ್ನು ಕಿತ್ತಿಡುವುದಂತೂ ಸರ್ವಥಾ ನಿಷಿದ್ಧ. ಯಾವ ತಪ್ಪಿಗೂ ನಾವು ಮಗುವಿನ ನಾಲಿಗೆಯನ್ನು ಕೀಳುವುದಿಲ್ಲವಲ್ಲ. ಶಾಲೆಗೂ, ಮದುವೆಯ ಮನೆಗೂ, ದೇವಸ್ಥಾನಕ್ಕೂ ಅದು ಜತೆಯಲ್ಲಿಯೇ ಬರಲಿ.

ಒಂದು ಎಚ್ಚರಿಕೆ. ದೊಡ್ಡವರು ಮಗುವಿನ ಕೈಯನ್ನೋ ಮೊಳಕೈಯನ್ನೋ ಹಿಡಿದು, ಅಕ್ಷರಗಳನ್ನು ಒತ್ತಿಸಿ, ಮಗುವೇ ಉದ್ದುದ್ದ ವಾಕ್ಯಗಳನ್ನು ಬರೆಯಿತೆಂದು ತೋರಿಸುವ ವಿಧಾನವೊಂದುಂಟು. 1990ರ ದಶಕದಲ್ಲಿ ಇದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ, ಆ ಮಾತುಗಳು ಕೈಹಿಡಿದವರವೇ ಹೊರತು ಮಗುವಿನವಲ್ಲವೆಂದು ಕಂಡುಬಂದಿತು. ಹಿಡಿದವರು ಮೋಸಗಾರರೆಂದಲ್ಲ, ಅವರಿಗೇ ಅರಿವಾಗದಂತೆ ಹಾಗಾಗುವುದು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘವು 2018ರಲ್ಲಿ ಈ ವಿಧಾನವನ್ನು ಬಳಸಕೂಡದೆಂದು ಪುನಃ ಹೇಳಿದೆ. ಕಲಿಸುವಾಗ ಕ್ಷಣಮಾತ್ರ ಬೆರಳಿಗೆ ಆಸರೆ ಕೊಟ್ಟು ಬಿಡುವುದು ಬೇರೆ. ಆದರೆ ಮಗುವಿನ ಮಾತೆಂದು ಎಣಿಸತಕ್ಕದ್ದು, ಅದರ ಕೈ ತಾನಾಗಿಯೇ ಮುಟ್ಟಿದ ಮಾತನ್ನು ಮಾತ್ರ. ಎರಡೇ ಪದವಾದರೂ ಅದು ಅದರ ಸ್ವಂತದ್ದಾಗಿರಲಿ.

ವೆಚ್ಚ ಹಾಗೂ ಹಕ್ಕಿನ ವಿಷಯದಲ್ಲಿ ಎರಡು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾನೂನು 21 ವಿಧದ ವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ. ಸಂವಹನ ಎಂಬುದಕ್ಕೆ ಲಕ್ಷಣ ಹೇಳುವಾಗ ಬಾಯಿಮಾತಿಗೆ ಬದಲಾದ, ಪೂರಕವಾದ ಕ್ರಮಗಳನ್ನೂ ಅದರಲ್ಲಿಯೇ ಎಣಿಸಿದೆ. ಆದಕಾರಣ "ಈ ಯಂತ್ರವನ್ನು ತರಗತಿಗೆ ತರಬೇಡಿ" ಎಂದು ಶಾಲೆಯವರು ಹೇಳಿದರೆ, ಈ ಕಾನೂನನ್ನು ವಿನಯದಿಂದ ತೋರಿಸಬಹುದು. 1999ರ ಕಾನೂನಿನಿಂದ ಹುಟ್ಟಿದ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಆಟಿಸಂ ಉಳ್ಳವರಿಗೆ 1 ಲಕ್ಷ ರೂಪಾಯಿಯವರೆಗಿನ ರಕ್ಷಣೆಯುಂಟು. ಇವೆಲ್ಲಕ್ಕೂ ಆಧಾರವಾದ ಅಂಗವೈಕಲ್ಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ವಿವೇಕ.

ಫಲವು ಎಷ್ಟು ದಿನದಲ್ಲಿ ಬರುವುದೆಂದು ಯಾರೂ ಕರಾರು ಬರೆದುಕೊಡಲಾರರು. ಕೆಲವು ಮಕ್ಕಳು ವಾರಗಳಲ್ಲಿ ಹಿಡಿಯುವರು, ಕೆಲವರಿಗೆ ವರುಷಗಳು ಬೇಕಾಗುವುವು. ಕೆಲವರು ಚಿತ್ರದಿಂದ ಅಕ್ಷರಕ್ಕೆ ಏರುವರು. ಮನೆಯವರು ನಂಬಿಕೆಯಿಂದ ನಡೆದುಕೊಳ್ಳುತ್ತ, ಆರು ತಿಂಗಳಿಗೊಮ್ಮೆ ಹಲಗೆಯನ್ನು ಪರಿಶೀಲಿಸಿ ಹೊಸ ಪದಗಳನ್ನು ಸೇರಿಸುತ್ತಿರಬೇಕು. ಹಳೆಯವನ್ನು ಅವುಗಳ ಜಾಗದಿಂದ ಕದಲಿಸಬಾರದು. ಸದ್ಯಕ್ಕೆ ಯಂತ್ರವಿಲ್ಲದವರು ಕಾಯುವ ಕಾರಣವಿಲ್ಲ. ಇಂದು ಸಂಜೆಯೇ ಒಂದು ರಟ್ಟನ್ನು ಕತ್ತರಿಸಿ, ಅದರ ಮೇಲೆ ಬೇಕು, ಬೇಡ, ಸಾಕು, ನೋವು, ಬಾ, ಅಮ್ಮ ಎಂಬ ಆರು ಗುರುತುಗಳನ್ನು ದಪ್ಪವಾಗಿ ಬರೆದು, ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಗೋಡೆಗೆ ತೂಗುಹಾಕಿರಿ. ಮೊದಲ ಮಾತನ್ನು ಅದರಲ್ಲಿ ನೀವೇ ಆಡಿರಿ.